ಮೊಮ್ಮಗಳ ಸಭೆಯಲ್ಲಿ ನಾನು ಸೂರು ಹಿಡಿದದ್ದು

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನಮ್ಮ ಲೀಲಾ ಗೆದ್ದಳು. ಬೇವೂರಿನ ಕುರಿ ಕಾಯುವ ಮನೆಯ ಹುಡುಗಿ, ನನ್ನ ಮಗನ ಮಗಳು, ಫಿನ್‌ಲ್ಯಾಂಡ್ ಎಂಬ ಹಿಮದ ದೇಶದಲ್ಲಿ ತುಂಬಿದ ಸಭೆಯ ಮುಂದೆ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಡಾಕ್ಟರ್ ಆದಳು. ಕುರಿಯ ಕಾಲುಬೇನೆಗೆ ಆಕೆಯ ಹತ್ತಿರ ಔಷಧ ಕೇಳಬೇಡಿ, ಇದು ಓದಿನ ಡಾಕ್ಟರಿಕೆ. ನಮ್ಮ ಹಟ್ಟಿಯಲ್ಲಿ ಈಗಾಗಲೇ ಇಬ್ಬರು ಕೇಳಿದ್ದಾರೆ.

ನಾನು ಅಲ್ಲೇ ಇದ್ದೆ, ಕಣ್ಣಾರೆ ಕಂಡೆ. ಕಂಡದ್ದಷ್ಟೇ ಅಲ್ಲ, ನಡುವೆ ಬಾಯಿಯನ್ನೂ ಹಾಕಿದೆ. ಅದನ್ನು ನಾನು ಬಿಟ್ಟರೂ ನನ್ನ ಹೆಂಡತಿ ನೀಲವ್ವ ಬಿಡುವುದಿಲ್ಲ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ಓದಿದ್ದು ನಾಲ್ಕನೆಯ ಇಯತ್ತೆ. ಕಾಗುಣಿತ ತಪ್ಪಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ. ಸಂತೋಷ ಹೆಚ್ಚಾಗಿದ್ದರೆ ಮಾತ್ರ ಕೈ ಹಚ್ಚಬಾರದು.

ಬೇವೂರಿನಿಂದ ಇಳಕಲ್ಲಿಗೆ

ಹೊರಡುವ ಮೊದಲೇ ಲೀಲಾ ಫೋನಿನಲ್ಲಿ ಎಲ್ಲ ತಿಳಿಸಿದ್ದಳು. ಆ ದೇಶದಲ್ಲಿ ಡಾಕ್ಟರ್ ಪರೀಕ್ಷೆ ಮುಚ್ಚಿದ ಕೋಣೆಯಲ್ಲಿ ನಡೆಯುವುದಿಲ್ಲ. ಸಭೆ ಸೇರುತ್ತದೆ, ಯಾರು ಬೇಕಾದರೂ ಬಂದು ಕೂರಬಹುದು. ಬೇರೆ ದೇಶದಿಂದ ಒಬ್ಬ ದೊಡ್ಡ ಮಾಸ್ತರರನ್ನು ಕರೆಸುತ್ತಾರೆ. ಅವರನ್ನು ಎದುರಾಳಿ ಎಂದೇ ಕರೆಯುತ್ತಾರೆ. ಈಕೆ ಬರೆದ ಪುಸ್ತಕದಲ್ಲಿ ತೂತು ಎಲ್ಲಿದೆ ಎಂದು ಎಲ್ಲರೆದುರು ಹುಡುಕುವುದೇ ಅವರ ಕೆಲಸ.

ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಡೊಳ್ಳಿನ ಹಾಡಿಕೆಯಲ್ಲಿ ನಾವು ಮಾಡುವುದೂ ಇದನ್ನೇ. ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಒಂದು ಮೇಳ ಹಾಡಿನಲ್ಲಿ ಸವಾಲು ಹಾಕುತ್ತದೆ, ಇನ್ನೊಂದು ಹಾಡಿನಲ್ಲೇ ಬಿಡಿಸಬೇಕು. ಹುನಗುಂದ ಸೀಮೆಯಲ್ಲಿ ಮರೋಳದ ತನಕ ನಾನು ಹಿಮ್ಮೇಳದಲ್ಲಿ ನಿಂತವನು. ನಮ್ಮ ಹಾಡುಗಾರನಿಗೆ ಉತ್ತರ ಹೊಳೆಯದೆ ಅವನು ಸುಮ್ಮನಾದರೆ, ಆ ಖಾಲಿ ಜಾಗ ಎದುರಿನವರಿಗೆ ಕಾಣದಂತೆ ಹಿಮ್ಮೇಳದವರು ‘ಓ’ ಎಂದು ದನಿ ಎಳೆದು ಸೂರು ಹಿಡಿಯಬೇಕು. ಅವನು ಬಾಯಿ ತೆರೆಯುವ ತನಕ ಬಿಡಬಾರದು. ಹಾಡುಗಾರನೂ ಹಿಮ್ಮೇಳವೂ ಸುಮ್ಮನಾದರೋ, ಸೋತಂತೆಯೇ.

ಇದನ್ನು ಹೇಳಿದ್ದೇ ತಡ, ಲೀಲಾಳಿಗೆ ಅನುಮಾನ ಬಂತು.

“ಮುತ್ಯಾ, ಸಭಾದಾಗ ನೀ ಬಾಯಿ ತೆಗೀಬಾರ್ದು ನೋಡು. ಬೀರಪ್ಪನ ಆಣಿ ಮಾಡು.”

ಮಾಡಿದೆ. ಕುಲದೇವರ ಆಣೆಗೆ ನೀಲವ್ವ ಪಕ್ಕದಲ್ಲಿ ಕೂತು ಸಾಕ್ಷಿಯಾದಳು.

ಕುರಿ ಈಯುವ ಕಾಲ. ಮಗ ಸಿದ್ದಪ್ಪನೂ ಸೊಸೆಯೂ ಹಟ್ಟಿ ಬಿಡುವ ಹಾಗಿರಲಿಲ್ಲ. ಹೆತ್ತವರೇ ಉಳಿದು ಮುದುಕರು ಹೊರಟದ್ದು ಹೀಗೆ. ಸೊಸೆ ಬೆನ್ನು ತಿರುಗಿಸಿಕೊಂಡು ರೊಟ್ಟಿ ಬಡಿಯುತ್ತ ಕೂತಳು. ಮುಖ ತೋರಿಸಿದ್ದರೆ ನಾನು ಹೋಗುತ್ತಿರಲಿಲ್ಲ.

ಸಭೆಗೆ ಕಪ್ಪು ಬಟ್ಟೆ ಉಡಬೇಕಂತೆ. ಶುಭಕಾರ್ಯಕ್ಕೆ ಕಪ್ಪು ಎಂಥದು ಎಂದು ನಾನು ಗೊಣಗಿದೆ. ನೀಲವ್ವ, ಚಂದ್ರಕಾಳಿ ಸೀರಿ ಇರುವಾಗ ಚಿಂತೆಯೇಕೆ ಎಂದು ನನ್ನನ್ನು ಇಳಕಲ್ಲಿಗೆ ಎಳೆದುಕೊಂಡು ಹೋದಳು. ಕಪ್ಪು ಒಡಲು, ಕೆಂಪು ಸೆರಗು, ಸೆರಗಿನ ತುಂಬ ತಲೆ ಬಾಚುವ ಹಣಿಗೆಯ ಹಲ್ಲಿನಂಥ ಬಿಳಿಯ ಚಿತ್ತಾರ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲು ಬೇರೆ, ಸೆರಗಿನ ಹಾಸುನೂಲು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ನೀಲವ್ವ ಆ ಕೂಡಿಸಿದ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ನೇಯ್ದಾಕೆ ಹೆದರಿದಳು. ಸೆರಗು ಹೆದರಲಿಲ್ಲ. ಅದನ್ನೇ ತಂದೆವು.

ವಿಮಾನ ನಿಲ್ದಾಣದ ನಾಯಿ

ನಮಗೆ ಇಂಗ್ಲಿಷ್ ಬಾರದೆಂದು ಲೀಲಾ ನಿಲ್ದಾಣಗಳಲ್ಲಿ ಕೈಹಿಡಿದು ನಡೆಸುವವರನ್ನು ಗೊತ್ತು ಮಾಡಿದ್ದಳು. ಅವರು ಗಾಲಿಕುರ್ಚಿ ತಂದರು. ದೀಪಾವಳಿ ಮುಗಿದರೆ ಕುರಿಯ ಹಿಂದೆ ಹೊಳೆಸಾಲಿನ ತನಕ ನಡೆಯುವ ನನ್ನನ್ನು ಕೂಸಿನ ಹಾಗೆ ಕೂರಿಸಿ ತಳ್ಳಿದರು. ನಾಚಿಕೆಯಾಗಿ ಅರ್ಧ ದಾರಿಯಲ್ಲಿ ಇಳಿದು, ದಣಿದು ಕಂಡ ಆ ತಳ್ಳುವವನನ್ನೇ ಕೂರಿಸಿ ನಾನು ತಳ್ಳಲು ನೋಡಿದೆ. ಅವನು ಕೈಮುಗಿದು ಬೇಡಿಕೊಂಡ, ನೌಕರಿ ಹೋಗುತ್ತದಂತೆ. ನೀಲವ್ವ ಮಾತ್ರ ತನ್ನ ಕುರ್ಚಿಯಲ್ಲಿ ಬನಶಂಕರಿ ಅಮ್ಮನಂತೆ ನೆಟ್ಟಗೆ ಕೂತು ಎಡಬಲ ನೋಡುತ್ತ ಸಾಗಿದಳು.

ಹೆಲ್ಸಿಂಕಿಯಲ್ಲಿ ಇಳಿದು ಚೀಲ ತೆಗೆದುಕೊಳ್ಳುವಲ್ಲಿ ಒಂದು ನಾಯಿ ಮೂಸುತ್ತ ಬಂತು. ಪೊಲೀಸರಂತೆ ಉಡುಪು ತೊಟ್ಟ ಹೆಣ್ಣುಮಗಳೊಬ್ಬಳು ಅದರ ಹಗ್ಗ ಹಿಡಿದಿದ್ದಳು. ನೀಲವ್ವ ರೊಟ್ಟಿ ಗಂಟನ್ನು ಬಿಗಿಯಾಗಿ ಅಪ್ಪಿಕೊಂಡಳು. ನಾಯಿ ರೊಟ್ಟಿಯನ್ನು ದಾಟಿತು, ಖಾರವನ್ನು ದಾಟಿತು, ಬೀರಪ್ಪನ ಭಂಡಾರದ, ಅಂದರೆ ಅರಿಶಿನದ, ಡಬ್ಬಿಯನ್ನೂ ದಾಟಿ, ನನ್ನ ಹೆಗಲ ಮೇಲಿನ ಕಂಬಳಿಗೆ ಮೂಗು ಹಚ್ಚಿ ಕೂತುಬಿಟ್ಟಿತು. ಏಳಲೊಲ್ಲದು. ಆ ಹೆಣ್ಣುಮಗಳು ಕಂಬಳಿ ಬಿಚ್ಚಿಸಿ, ಜಾಡಿಸಿ, ಬೆಳಕಿಗೆ ಹಿಡಿದು ನೋಡಿದಳು. ಏನೂ ಇಲ್ಲ. ಇರುವುದು ಕುರಿಯ ವಾಸನೆ. ಸಂತೆ ದಿನ ಬಸ್ಸಿನಲ್ಲಿ ನಮಗೆ ಸೀಟು ಸಿಗುವುದೂ ಅದರಿಂದಲೇ. ನಾನು ನಾಯಿಯ ಕಿವಿಯ ಹಿಂದೆ ಕೆರೆದೆ, ಅದು ಅಂಗಾತ ಬಿತ್ತು. ಆಕೆ ಒಂದು ಮಾತೂ ಆಡಲಿಲ್ಲ, ಬೈಯಲೂ ಇಲ್ಲ, ನಗಲೂ ಇಲ್ಲ. ನನ್ನನ್ನು ಬಹಳ ಹೊತ್ತು ನೋಡಿ, ಹೋಗಿರಿ ಎಂದು ಕೈ ಮಾಡಿದಳು.

ಈ ದೇಶದ ರೀತಿ ಏನೆಂದು ನನಗೆ ಅಲ್ಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಮಾತಾಡದ ಬಸ್ ಸ್ಟಾಪು

ಲೀಲಾಳ ಮನೆಯ ಮುಂದೆಯೇ ಬಸ್ ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಜನ ಹಿಮದಲ್ಲಿ ಸಾಲಾಗಿ ನಿಂತಿದ್ದಾರೆ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಎರಡು ಎಮ್ಮೆ ಕಟ್ಟುವಷ್ಟು ಜಾಗ. ಪಾಪ, ಮನೆಯಲ್ಲಿ ಸಾವಾಗಿರಬೇಕು ಎಂದುಕೊಂಡು ಒಬ್ಬನ ಪಕ್ಕಕ್ಕೆ ಹೋಗಿ ನಿಂತೆ. ಅವನು ಒಂದು ಹೆಜ್ಜೆ ಸರಿದ. ನಾನೂ ಸರಿದೆ. ಅವನು ಸರಿದದ್ದಕ್ಕೆ ಅವನಾಚೆಯವಳು ಸರಿದಳು, ಅವಳಾಚೆಯವನೂ ಸರಿದ. ಹೀಗೆ ಸಾಲಿಗೆ ಸಾಲೇ ಸರಿಯುತ್ತ ಹೋಗಿ ಕೊನೆಯ ಮುದುಕ ಹಿಮದ ಗುಡ್ಡೆಯೊಳಗೆ ಕಾಲಿಟ್ಟ. ಯಾರೂ ತುಟಿ ಬಿಚ್ಚಲಿಲ್ಲ.

ಲೀಲಾ ಓಡಿಬಂದು ನನ್ನ ತೋಳು ಹಿಡಿದು ಎಳೆದಳು. ಇವರು ತನ್ನ ಹಣಿಗೆಯ ಹಲ್ಲುಗಳಂತೆ ಸರಿಯಾದ ಅಂತರದಲ್ಲಿ ನಿಲ್ಲುವ ಜನ, ನಡುವೆ ನಾನು ಹೊಕ್ಕರೆ ತನ್ನ ಲೆಕ್ಕವೆಲ್ಲ ಕೆಡುತ್ತದೆ ಎಂದು ನಗತೊಡಗಿದಳು. ಯಾವ ಹಣಿಗೆ ಎಂದು ಆಗ ತಿಳಿಯಲಿಲ್ಲ.

ನಮಗೆ ಇನ್ನೊಂದು ಚಿಂತೆ ಹತ್ತಿತು. ಹುಡುಗಿ ಬದಲಾಗಿದ್ದಳು. ಚಹಾ ಬೇಕೇನ ಎಂದರೆ ಒಂದು ಉಸಿರು ಸುಮ್ಮನಿದ್ದು ಆಮೇಲೆ ಬೇಕು ಎನ್ನುವಳು. ಬಾಗಲಕೋಟೆಯ ಕಾಲೇಜಿನಲ್ಲಿ ಓದುವಾಗ ನಾವು ಕೇಳುವ ಮೊದಲೇ ಉತ್ತರ ಹೇಳುತ್ತಿದ್ದ ಹುಡುಗಿ. ಚಳಿಗೆ ಬುದ್ಧಿ ಹೆಪ್ಪುಗಟ್ಟಿತೇ ಎಂದು ನೀಲವ್ವ ಅವಳ ನೆತ್ತಿಗೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಒತ್ತಿದಳು. ಇಂಥ ಮಂದ ಬಾಯಿಯಿಂದ ಎದುರಾಳಿಯ ಮುಂದೆ ನಿಲ್ಲುವುದು ಹೇಗೆ ಎಂದು ನನಗೆ ಊಟ ಸೇರದಾಯಿತು.

ಅಡುಗೆಮನೆಯಲ್ಲಿ ಹಣಿಗೆ

ಸಭೆಯ ಹಿಂದಿನ ದಿನ ಅಡುಗೆಮನೆಯಲ್ಲಿ ಕೂತು, ಇಷ್ಟು ವರ್ಷ ಏನು ಮಾಡಿದಿ ಎಂದು ಕೇಳಿದೆ. ಅವಳು ಹೊಸ ಸೀರೆಯ ಸೆರಗನ್ನು ಮೇಜಿನ ಮೇಲೆ ಹರಡಿದಳು.

ನಮ್ಮ ಫೋನಿನೊಳಗೆ ಎಳ್ಳಿನ ಕಾಳಿನಂಥ ಹರಳುಗಳಿರುತ್ತವಂತೆ. ಅದುಮಿದರೆ ಕರೆಂಟು ಕೊಡುತ್ತವೆ, ಕರೆಂಟು ಕೊಟ್ಟರೆ ನಡುಗುತ್ತವೆ. ಹರಳಿನ ಮೇಲೆ ಲೋಹದ ಎರಡು ಹಣಿಗೆಗಳನ್ನು, ಒಂದರ ಹಲ್ಲಿನ ಸಂದಿಯಲ್ಲಿ ಇನ್ನೊಂದರ ಹಲ್ಲು ಬರುವಂತೆ ಕೂರಿಸಿರುತ್ತಾರೆ. ಹರಳು ನಡುಗಿದಾಗ, ಕೆರೆಯ ಮೇಲೆ ತೆರೆ ಹೋದ ಹಾಗೆ ಅದರ ಮೈಮೇಲೆ ಸದ್ದು ಹೋಗುತ್ತದೆ. ನಮ್ಮ ಕಿವಿಗಿರಲಿ, ನಾಯಿಯ ಕಿವಿಗೂ ಕೇಳದ ಸದ್ದು. ಒಂದೊಂದು ಹಲ್ಲೂ ಅದರಲ್ಲಿ ಚೂರು ಹಿಂದಕ್ಕೆ ಕಳಿಸುತ್ತದೆ. ಹಲ್ಲುಗಳ ಅಂತರಕ್ಕೆ ಹೊಂದುವ ಸದ್ದಾದರೆ ಆ ಚೂರುಗಳೆಲ್ಲ ಕೂಡಿ ದೊಡ್ಡದಾಗುತ್ತವೆ, ಹೊಂದದಿದ್ದರೆ ಚದುರಿಹೋಗುತ್ತವೆ. ಗಾಳಿಯಲ್ಲಿ ಹಾರಾಡುವ ಸಾವಿರ ಕರೆಗಳಲ್ಲಿ ಫೋನು ನಮ್ಮದನ್ನು ಹೀಗೆ ಹೆಕ್ಕುತ್ತದೆ. ಡೊಳ್ಳಿನ ಸಾಲಿನಲ್ಲಿ ಎಲ್ಲರ ಪೆಟ್ಟು ಕೂಡಿದರೆ ಎದೆ ನಡುಗುತ್ತದೆ, ಕೂಡದಿದ್ದರೆ ಬರೀ ಗದ್ದಲ. ಇದು ನನಗೆ ಸಲೀಸಾಗಿ ತಿಳಿಯಿತು.

ಲೀಲಾ ಆ ಹರಳನ್ನು ಕೈಯಿಂದ ಮಾಡುವವಳಲ್ಲ. ಕಂಪ್ಯೂಟರಿನೊಳಗೆ ಲೆಕ್ಕದಲ್ಲಿ ಮಾಡಿ, ಸದ್ದು ಎತ್ತ ಹೋಗುತ್ತದೆ, ಎಲ್ಲಿ ಸೋರುತ್ತದೆ ಎಂದು ಮೊದಲೇ ಹೇಳುವವಳು. ಹಲ್ಲುಗಳು ನೂರಾರು. ಎಲ್ಲದರ ಲೆಕ್ಕಕ್ಕೆ ಕೂತರೆ ಕಂಪ್ಯೂಟರು ದಿನಗಟ್ಟಲೆ ಏದುಸಿರು ಬಿಡುತ್ತದೆ. ಅದಕ್ಕೆ ಒಂದೇ ಜೋಡಿ ಹಲ್ಲಿನ ಲೆಕ್ಕ ಮಾಡಿ, ಮುಂದೂ ಹೀಗೇ, ಹಿಂದೂ ಹೀಗೇ, ಈ ಸಾಲಿಗೆ ಕೊನೆಯೇ ಇಲ್ಲ ಎಂದು ಕಂಪ್ಯೂಟರಿಗೆ ಹೇಳಿಬಿಡುತ್ತಾರಂತೆ.

“ಅದು ಸುಳ್ಳಲ್ಲೇನ ತಂಗಿ?” ಎಂದೆ.

ಒಂದು ಉಸಿರು ಸುಮ್ಮನಿದ್ದಳು. “ಸುಳ್ಳು ಮುತ್ಯಾ. ಖರೆ ಹಣಿಗಿಗೆ ಎರಡೂ ಕಡೆ ಕೊನೀ ಹಲ್ಲು ಇರತೈತಿ. ಅಲ್ಲಿ ಈ ಲೆಕ್ಕ ನಡಿಯೂದಿಲ್ಲ. ಆ ಸುಳ್ಳನ್ನ ಹೆಂಗ ನೆಟ್ಟಗ ಮಾಡೂದು ಅನ್ನೂದ ನನ್ನ ಪುಸ್ತಕ. ನಾಳೆ ಬರೂ ಮಾಸ್ತರು ತಮ್ಮ ಜನ್ಮನ ಆ ಕೊನೀ ಹಲ್ಲಿನ ಮ್ಯಾಲೆ ಸವಿಸ್ಯಾರ. ಅಲ್ಲೇ ಹಿಡೀತಾರ ನನ್ನ.”

ಚಿಕ್ಕವಳಿದ್ದಾಗ ಇವಳು ನನ್ನ ಡೊಳ್ಳಿನ ಚರ್ಮದ ಮೇಲೆ ಜೋಳದ ಕಾಳು ಚೆಲ್ಲಿ, ಬಾರಿಸು ಮುತ್ಯಾ ಎನ್ನುತ್ತಿದ್ದಳು. ಕಾಳು ಕುಣಿಯುತ್ತ ಎಲ್ಲಿ ಗುಂಪುಗೂಡುತ್ತವೆ ಎಂದು ಕಣ್ಣು ಕೀಳದೆ ನೋಡುತ್ತಿದ್ದಳು. ಜೋಳ ಹಾಳಾಯಿತೆಂದು ಅವಳವ್ವ ಇಬ್ಬರಿಗೂ ಬೈಯುತ್ತಿದ್ದಳು. ಆ ಕಾಳು ಇವಳನ್ನು ಇಲ್ಲಿಯ ತನಕ ತಂದವು. ನಾಳೆ ಒಂದು ಹಲ್ಲಿಗೆ ಸಿಕ್ಕಿ ಬೀಳಬಾರದಲ್ಲ.

ಎದುರು ಮೇಳ

ಸಭೆಯ ಬಾಗಿಲಲ್ಲಿ ಎಲ್ಲರೂ ಕೋಟು ಬಿಚ್ಚಿ ತೂಗುಹಾಕಿದರು. ನಾನು ಕಂಬಳಿ ಬಿಚ್ಚಲಿಲ್ಲ. ಅದು ಹೆಗಲ ಮೇಲಿದ್ದರೆ ಬೀರಪ್ಪ ಇದ್ದಂತೆ.

ಮೂವರು ಒಬ್ಬರ ಹಿಂದೊಬ್ಬರು ಬಂದರು. ಮುಂದೆ ನಮ್ಮ ಲೀಲಾ, ಕಪ್ಪು ಸೀರೆ, ಕೆಂಪು ಸೆರಗು. ನಡುವೆ ಅವಳ ಗುರುಗಳು. ಹಿಂದೆ ಎದುರಾಳಿ ಮಾಸ್ತರರು, ಬಿದಿರಿನ ಹಾಗೆ ಉದ್ದ, ಬೆಳ್ಳನೆಯ ಹುಬ್ಬು. ಗುರುಗಳು, ಮಾಸ್ತರರು ಇಬ್ಬರ ಕೈಯಲ್ಲೂ ಎತ್ತರದ ಕರಿ ಟೋಪಿ. ತಲೆಗೆ ಹಾಕಲಿಲ್ಲ, ಮೇಜಿನ ಮೇಲೆ ಮರ್ಯಾದೆಯಿಂದ ಇಟ್ಟರು. ರುಮಾಲನ್ನು ಕೈಯಲ್ಲಿ ಹಿಡಿದು ಬೀಗರ ಮನೆಗೆ ಹೋದ ಹಾಗಿತ್ತು.

ಸವಾಲು ಶುರುವಾಯಿತು. ಎಲ್ಲ ಇಂಗ್ಲಿಷು. ಆದರೆ ಕುರಿ ಬಾಯಿಬಿಟ್ಟು ಹೇಳದಿದ್ದರೂ ಅದರ ನೋವು ಎಲ್ಲಿದೆ ಎಂದು ನೋಡಿಯೇ ತಿಳಿಯುವವನು ನಾನು. ಮಾಸ್ತರರು ಕೇಳುವರು, ಲೀಲಾ ಒಂದು ಉಸಿರು ಬಿಟ್ಟು ಹೇಳುವಳು. ಮತ್ತೆ ಕೇಳುವರು, ಮತ್ತೆ ಉಸಿರು ಬಿಟ್ಟು ಹೇಳುವಳು. ಪ್ರತಿ ಸಲ ನಾನು ಕಂಬಳಿಯ ಚುಂಗು ಹಿಂಡುವೆ. ನೀಲವ್ವ ತನ್ನ ತವರು ಚೊಳಚಗುಡ್ಡದ ಬನಶಂಕರಿಗೆ ಹರಕೆ ಹೊರುತ್ತಿದ್ದಳು. ಹುಡುಗಿ ಗೆದ್ದರೆ ಬಾದಾಮಿಯಿಂದ ಗುಡಿಯ ತನಕ ಬರಿಗಾಲಲ್ಲಿ ನಡೆಯುತ್ತೇವೆ ಎಂದು, ನನ್ನನ್ನು ಕೇಳದೆ ನನ್ನ ಕಾಲನ್ನೂ ಸೇರಿಸಿಬಿಟ್ಟಳು.

ಆಮೇಲೆ ಮಾಸ್ತರರು ಪುಸ್ತಕ ಮುಚ್ಚಿದರು. ಬೆರಳುಗಳನ್ನು ಹಣಿಗೆಯಂತೆ ಅಗಲಿಸಿ, ಕಿರುಬೆರಳನ್ನು ಮುಟ್ಟಿ ತೋರಿಸಿ ಏನೋ ಕೇಳಿದರು. ಕೊನೆಯ ಹಲ್ಲು.

ಲೀಲಾ ಸುಮ್ಮನಾದಳು. ಒಂದು ಉಸಿರು ಹೋಯಿತು. ಎರಡು ಹೋಯಿತು. ಮೂರನೆಯದೂ ಹೋಯಿತು. ಕೆಮ್ಮುವವರೂ ಇಲ್ಲ. ಅವಳು ತಲೆ ತಗ್ಗಿಸಿ ಸೆರಗಿನ ಅಂಚು ಹಿಡಿದುಕೊಂಡಳು. ಎದುರು ಮೇಳದವನು ಕಣ್ಣು ಮಿಟುಕಿಸದೆ ನೋಡುತ್ತಿದ್ದಾನೆ. ನಮ್ಮ ಹಾಡುಗಾರ್ತಿ ಸಿಕ್ಕಿಬಿದ್ದಿದ್ದಾಳೆ. ಅವಳ ಬೆನ್ನಿಗೆ ಇಡೀ ಸಭೆಯಲ್ಲಿ ಹಿಮ್ಮೇಳ ಎಂದರೆ ನಾನೊಬ್ಬನೇ.

ಆಣೆ ಮಾಡಿದ್ದು ನೆನಪಿತ್ತು. ಆದರೆ ಬೀರಪ್ಪನ ಮೇಲೆ ಆಣೆ ಮಾಡಿದ ಬಾಯಿಗೆ ಸೂರು ಹಿಡಿಯುವುದನ್ನು ಕಲಿಸಿದವನೂ ಬೀರಪ್ಪನೇ. ಬಾಯಿ ಮುಚ್ಚಿಯೇ ಇದೆ ಎಂದುಕೊಂಡೆ. ಇರಲಿಲ್ಲ.

“ಓ...”

ಮೊದಲು ಸಣ್ಣಗೆ ಬಂತು, ಆಮೇಲೆ ಸಭೆ ತುಂಬಿತು. ಆ ಗೋಡೆಗಳು ದನಿಯನ್ನು ಚೆನ್ನಾಗಿ ಹೊತ್ತವು. ನೀಲವ್ವ ತೊಡೆ ಚಿವುಟಿದಳು. ಚಿವುಟಿದರೆ ಬಿಡುವ ಹಾಗಿಲ್ಲ. ಹಾಡುಗಾರ ಬಾಯಿ ತೆರೆಯುವ ಮೊದಲು ಸೂರು ಬಿಟ್ಟರೆ ಮೇಳಕ್ಕೇ ಅಪಮಾನ. ಯಾರಾದರೂ ತಿರುಗಿ ನೋಡಿದರೆ ನಿಲ್ಲಿಸುತ್ತಿದ್ದೆನೇನೋ. ಒಬ್ಬರೂ ತಿರುಗಲಿಲ್ಲ. ಎಲ್ಲರೂ ಮುಂದೆ ನೋಡುತ್ತ, ಇದೂ ಪರೀಕ್ಷೆಯದೇ ಭಾಗ ಎನ್ನುವಂತೆ ಕೂತಿದ್ದರು. ಮುಂದಿನ ಸಾಲಿನವರ ಕಿವಿಗಳು ಮಾತ್ರ ಕೆಂಪಾಗುತ್ತಿದ್ದವು. ಎದುರಾಳಿ ಮಾಸ್ತರರು ಕೈಕಟ್ಟಿ, ತಲೆ ಓರೆ ಮಾಡಿ ಆಲಿಸುತ್ತಿದ್ದರು.

ಕೊನೆಗೆ ಲೀಲಾ ತಲೆ ಎತ್ತಿದಳು. ಮುಖ ಸೆರಗಿನಷ್ಟೇ ಕೆಂಪು. ಬಾಯಿ ತೆರೆದಳು, ನಾನು ಸೂರು ಬಿಟ್ಟೆ. ಮುಂದಿನ ಮಾತನ್ನು ಆಮೇಲೆ ಅವಳೇ ನನಗೆ ಹೇಳಿದಂತೆ ಬರೆಯುತ್ತೇನೆ. ಇವರು ನನ್ನ ಅಜ್ಜ, ನಮ್ಮಲ್ಲಿ ಹಾಡುವವರು ಸುಮ್ಮನಾದರೆ ಹಿಂದಿನವರು ಹೀಗೆ ತುಂಬಿಕೊಡುತ್ತಾರೆ ಎಂದು ಸಭೆಗೆ ತಿಳಿಸಿದಳಂತೆ. ಮಾಸ್ತರರು ಸ್ವಲ್ಪ ಹೊತ್ತು ವಿಚಾರ ಮಾಡಿ, ನಗದೆ ಕೇಳಿದರಂತೆ: ಈ ದನಿಗೆ ಕೊನೆ ಇದೆಯೋ, ಅಥವಾ ಇದನ್ನೂ ನೀವು ಕೊನೆ ಇಲ್ಲವೆಂದೇ ಹಿಡಿದು ಲೆಕ್ಕ ಮಾಡುತ್ತೀರೋ? ಆಗ ಸಭೆ ನಕ್ಕಿತು. ಮಾತಾಡದ ಜನ ನಕ್ಕಾಗ ಹಿಮ ಮಾಡಿನಿಂದ ಜಾರಿ ಬಿದ್ದಂತೆ ಒಮ್ಮೆಲೇ ಧೊಪ್ಪನೆ ಬೀಳುತ್ತದೆ.

ನಗು ನಿಂತ ಮೇಲೆ ಲೀಲಾ ಎದ್ದು ನಿಂತು ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ನಡುವಿನ ಹಲ್ಲುಗಳಿಗೆ ಒಂದೇ ಜೋಡಿಯ ಲೆಕ್ಕ ಸಾಕು, ಅದು ಸೀರೆಯ ಒಡಲು. ಕೊನೆಯ ಕೆಲವು ಹಲ್ಲುಗಳಿಗೆ ಪೂರಾ ಲೆಕ್ಕವನ್ನೇ ಬೇರೆ ಮಾಡಬೇಕು, ಅದು ಸೆರಗು. ತಾನು ಮಾಡಿದ್ದು ಇವೆರಡನ್ನೂ ಸದ್ದು ಸೋರದಂತೆ ಎಳೆಗೆ ಎಳೆ ಕೂಡಿಸುವ ಕೊಂಡಿ. ಹೀಗೆಂದು ಕೊಂಡಿಯ ಜಾಗ ತೋರಿಸಿ, ಹಿಂದಿನ ಹಲಗೆಯ ಮೇಲೆ ಗೆರೆಗಳನ್ನೂ ಅಂಕಿಗಳನ್ನೂ ತೋರಿಸುತ್ತ ಹೋದಳು. ಮಾಸ್ತರರ ಹುಬ್ಬು ಒಂದೊಂದಾಗಿ ಮೇಲೇರಿದವು. ನೀಲವ್ವ ನನ್ನ ಕಿವಿಯಲ್ಲಿ, ಇಳಕಲ್ಲಿನಲ್ಲಿ ಅದನ್ನು ಜಗ್ಗಿ ನೋಡಿದವಳು ತಾನು ಎಂದು ನೆನಪಿಸಿದಳು.

ಮಾಸ್ತರರು ಎದ್ದು ನಿಂತು ಬಹಳ ಹೊತ್ತು ಮಾತಾಡಿದರು. ನನಗೆ ಒಂದು ಅಕ್ಷರ ತಿಳಿಯಲಿಲ್ಲ. ನಾನು ಹಾಳು ಮಾಡಿದೆನೇ ಎಂಬುದೊಂದೇ ತಲೆಯಲ್ಲಿ. ಅವರು ಕೈ ಚಾಚಿದರು, ಲೀಲಾ ಆ ಕೈ ಹಿಡಿದಳು, ಅವಳ ಗಲ್ಲದ ಮೇಲೆ ನೀರು ಇಳಿಯಿತು. ಅದು ಗೆದ್ದ ಸಂತೋಷದ ನೀರೆಂದು ನನಗೆ ಗೊತ್ತಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಅಲ್ಲಿಯ ಪದ್ಧತಿಯಂತೆ ಲೀಲಾ ಸಭೆಯತ್ತ ತಿರುಗಿ, ಇನ್ನು ಯಾರಿಗಾದರೂ ಆಕ್ಷೇಪವಿದ್ದರೆ ಹೇಳಬಹುದು ಎಂದಳು. ಆಗ ಮಾತ್ರ ಇಡೀ ಸಭೆ ತಿರುಗಿ ನನ್ನನ್ನು ನೋಡಿತು. ನಾನು ಕಂಬಳಿಯ ಚುಂಗನ್ನು ಬಾಯಿಗೆ ತುರುಕಿಕೊಂಡೆ.

ಹೊರಗೆ ನೀಲವ್ವ ಡಬ್ಬಿ ತೆರೆದು ಲೀಲಾಳ ಹಣೆಗೆ ಭಂಡಾರ ಬಳಿದಳು. ಪಕ್ಕದಲ್ಲಿದ್ದ ಮಾಸ್ತರರೂ ತಮ್ಮ ಬಿದಿರಿನ ಮೈಯನ್ನು ಬಗ್ಗಿಸಿ ಹಣೆ ಒಡ್ಡಿದರು.

ನಾನು ಲೀಲಾಳಿಗೆ, ತಪ್ಪಾಯಿತು, ನೀ ಸಿಕ್ಕಿಬಿದ್ದಿ ಅಂತ ತಿಳಿದೆ ಎಂದೆ.

“ಉತ್ತರ ಗೊತ್ತಿತ್ತು ಮುತ್ಯಾ. ಇಲ್ಲಿ ಕೇಳಿದ ಕೂಡಲೆ ಹೇಳಿದರ, ಪ್ರಶ್ನೆ ಕಿವ್ಯಾಗ ಹಾಕ್ಕೊಂಡಿಲ್ಲ ಅಂತಾರ. ದೊಡ್ಡ ಪ್ರಶ್ನೆ ಇದ್ದರ ದೊಡ್ಡದಾಗಿ ಸುಮ್ಮನಿರಬೇಕು. ಅದು ಅವರಿಗೆ ಕೊಡೂ ಮರ್ಯಾದಿ.”

ಚಹಾ ಬೇಕೇನ ಎಂದಾಗಲೂ ಆ ಮರ್ಯಾದೆಯೇ ನಮಗೆ ಸಂದಿತ್ತು. ನಾವು ಎಣ್ಣೆ ಒತ್ತಿದ್ದೆವು.

ಒಂದೇ ಪಂಕ್ತಿ

ಅಲ್ಲಿ ಇನ್ನೊಂದು ಪದ್ಧತಿ ಉಂಟು. ಗೆದ್ದವರು ಅಂದೇ ಸಂಜೆ ಎದುರಾಳಿಯನ್ನು ಕರೆದು ಉಣ್ಣಿಸಬೇಕು. ಇದನ್ನು ಕೇಳಿದ ಮೇಲೆ ಆ ದೇಶದ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿಯಿತು. ನಮ್ಮಲ್ಲೂ ಹಾಡಿನಲ್ಲಿ ಒಬ್ಬರನ್ನೊಬ್ಬರು ಹರಿದು ಹಾಕಿದ ಎರಡು ಮೇಳಗಳು ಆಮೇಲೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತವೆ.

ಲೀಲಾಳ ಮನೆಯಲ್ಲಿ ಎರಡು ಮೇಜು ಕೂಡಿಸಿದೆವು. ಸೊಸೆ ಬಡಿದ ಕಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿಯ ರಂಜಕ, ಮಾದಲಿ, ಮೊಸರು. ನೀರಿನ ತಂಬಿಗೆಗೆ ಫೋನು ಆನಿಸಿ ನಿಲ್ಲಿಸಿದೆವು. ಅದರೊಳಗೆ ಬೇವೂರಿನಲ್ಲಿ ಸಿದ್ದಪ್ಪ, ಸೊಸೆ, ಇಬ್ಬರೂ ತಾಟು ಹಿಡಿದು ಕೂತಿದ್ದರು. ಹಿಂದೆ ಒಂದು ಮರಿ ಅರಚುತ್ತಿತ್ತು. ಸೊಸೆ ಮಗಳ ಹಣೆಯ ಭಂಡಾರ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, ಜೋಳ ಹಾಳು ಮಾಡಿದ್ದು ಸಾರ್ಥಕ ಆತು ಬಿಡು ಎಂದಳು.

ಮಾಸ್ತರರು ರಂಜಕವನ್ನು ಹಣ್ಣಿನ ಪಾಕವೆಂದು ತಿಳಿದರೋ ಏನೋ, ಚಮಚ ತುಂಬ ತೆಗೆದು ರೊಟ್ಟಿಯ ಉದ್ದಗಲಕ್ಕೂ ಸವರಿ ಬಾಯಿಗಿಟ್ಟರು. ಅಗಿದರು. ಸುಮ್ಮನಾದರು.

ಒಂದು ಉಸಿರು ಹೋಯಿತು. ಎರಡು ಹೋಯಿತು.

“ಇದು ಮರ್ಯಾದಿ ಸುಮ್ಮನಿರೂದೇನ ಲೀಲಾ, ಖಾರದ ಸುಮ್ಮನಿರೂದ?” ಎಂದು ನೀಲವ್ವ ಕೇಳಿದಳು.

ಮಾಸ್ತರರ ಬಿಳಿ ಹುಬ್ಬಿನ ಕೆಳಗೆ ಕಣ್ಣಿನಿಂದ ಧಾರೆ ಇಳಿಯತೊಡಗಿತು. ಬಾಯಿ ಮಾತ್ರ ತೆರೆಯಲಿಲ್ಲ. ಲೀಲಾ ಅವರ ಮುಂದೆ ಮೊಸರಿನ ಬಟ್ಟಲು ಸರಿಸಿ, ನನ್ನತ್ತ ತಿರುಗಿದಳು.

“ಮುತ್ಯಾ, ಸೂರು ಹಿಡಿ.”

ಹಿಡಿದೆ. ನೀಲವ್ವ ಹಿಡಿದಳು, ಲೀಲಾ ಹಿಡಿದಳು. ಫೋನಿನೊಳಗಿಂದ ಸಿದ್ದಪ್ಪನೂ ಸೊಸೆಯೂ ಹಿಡಿದರು. ಅವರ ದನಿ ಅರ್ಧ ಉಸಿರು ತಡವಾಗಿ ಬಂದು ನಮ್ಮದನ್ನು ಕೂಡಿಕೊಂಡಿತು. ಅದು ಬೇವೂರಿನ ಕೊನೆಯ ಹಲ್ಲಿಗೆ ತಾಗಿ ತಿರುಗಿ ಬಂದ ಸದ್ದು ಎಂದು ಲೀಲಾ ನಡುವೆ ಉಸಿರು ಎಳೆದು ಹೇಳಿ, ಮತ್ತೆ ಹಿಡಿದಳು. ಮಾಸ್ತರರು ಮೊಸರು ಕುಡಿದರು, ಕಣ್ಣೊರೆಸಿಕೊಂಡರು, ಬಟ್ಟಲು ಕೆಳಗಿಟ್ಟರು. ಅವರು ಬಾಯಿ ತೆರೆಯುವ ತನಕ ನಾವು ಬಿಡಲಿಲ್ಲ.

ತೆರೆದಾಗ ಅವರು ಕೇಳಿದ್ದು ಇನ್ನೊಂದು ರೊಟ್ಟಿ.